ನಾಯಿಮರಿಗೆ ವ್ಯಾಕ್ಸಿನ್, ಪಾರ್ವೋ, ಉಣ್ಣಿ, ರೇಬೀಸ್: ನಮ್ಮ ಕಡೆ ಜನ ಪದೇ ಪದೇ ಕೇಳೋ ಪ್ರಶ್ನೆಗಳು

ಬಳ್ಳಾರಿ, ಸಿರುಗುಪ್ಪ, ಗಂಗಾವತಿ, ಸಿಂಧನೂರು, ರಾಯಚೂರು ಈ ಕಡೆ ಹೊಸದಾಗಿ ಮರಿ ತಂದವ್ರು ಫೋನ್ ಮಾಡಿ, ಮೆಸೇಜ್ ಹಾಕಿ, ದಾರ್ಯಾಗ ನಿಲ್ಲಿಸಿ ಕೇಳೋ ಪ್ರಶ್ನೆಗಳನ್ನ ಅವ್ರು ಕೇಳಿದಂಗ ಇಟ್ಟು ಇಲ್ಲಿ ಕೂಡಿಸೀನಿ. ಮೊದ್ಲ ಒಂದು ಹೇಳಿಬಿಡ್ತೀನಿ, ನಮ್ಮ ಕಡೆ ಮರಿಗಳು ಸಾಯೋದು ಇಂಜೆಕ್ಷನ್ನೇ ಹಾಕಿಸದ ಮನ್ಯಾಗ ಅಷ್ಟ ಅಲ್ಲ, ಒಂದು ಹಾಕಿಸಿ "ಆತು ಬಿಡು" ಅಂತ ಕಾರ್ಡ್ ಒಳಗಿಟ್ಟ ಮನ್ಯಾಗೂ ಸಾಯ್ತಾವು. ಔಷಧದ ಅಳತಿ ಬೇಕಂತನ ಬರ್ದಿಲ್ಲ, ಅದನ್ನ ಮರಿ ತೂಕ ನೋಡಿ ಡಾಕ್ಟ್ರೇ ಹೇಳ್ಬೇಕು.

## ಈಗಷ್ಟ ಮರಿ ತಂದವ್ರಿಗೆ

ಮರಿಗೆ 45 ದಿನ ಆಗೇತಿ ಅಂತ ಕೊಟ್ಟವ್ರು ಹೇಳಿದ್ರು, ಯಾವ ಇಂಜೆಕ್ಷನ್ ಯಾವಾಗ ಹಾಕಿಸ್ಬೇಕ್ರಿ?

6ರಿಂದ 8 ವಾರದ ಒಳಗ ಮೊದಲನೇ ಮಿಕ್ಸ್ ವ್ಯಾಕ್ಸಿನ್. ಅಂದ್ರ ಡಿಸ್ಟೆಂಪರ್ (ಜ್ವರ, ಫಿಟ್ಸ್ ತರೋ ರೋಗ), ಪಾರ್ವೋ (ವಾಂತಿ, ರಕ್ತದ ಭೇದಿ ತರೋ ರೋಗ), ಹೆಪಟೈಟಿಸ್ (ಲಿವರ್ ರೋಗ) ಇವೆಲ್ಲಾ ಕೂಡಿದ್ದು, ಡಾಕ್ಟ್ರು ಕಾರ್ಡಿನ್ಯಾಗ ಡಿಎಚ್‌ಪಿಪಿಐ ಅಂತ ಬರೀತಾರ. ಆಮ್ಯಾಲ 3-4 ವಾರಕ್ಕೊಮ್ಮೆ ಅದನ್ನ ಮತ್ತ ಹಾಕಿಸ್ತಾ ಹೋಗ್ಬೇಕು, ಕಡೇ ಡೋಸ್ ಮರಿಗೆ 16 ವಾರ ತುಂಬಿದ ಮ್ಯಾಲ ಬೀಳ್ಬೇಕು. 8 ವಾರಕ್ಕ ಶುರು ಮಾಡಿದ್ರ 8, 12, 16 ಹಿಂಗ ಮೂರು ಆಗ್ತಾವು, 6 ವಾರಕ್ಕ ಶುರು ಮಾಡಿದ್ರ ನಾಲ್ಕು. ರೇಬೀಸ್ ಇಂಜೆಕ್ಷನ್ ಬ್ಯಾರೆ, ಅದು 3 ತಿಂಗಳಿಗೆ, ಬಾಳ ಡಾಕ್ಟ್ರು ತಿಂಗಳ ಬಿಟ್ಟು ಇನ್ನೊಂದು ಹಾಕ್ತಾರ. ಮುಂದ ವರ್ಷ ತುಂಬೋ ಹೊತ್ತಿಗೆ ಎರಡರದ್ದೂ ಬೂಸ್ಟರ್.

45 ದಿನ ಅನ್ನೋದನ್ನ ಹಲ್ಲು ನೋಡಿ ತಾಳೆ ಹಾಕ್ರಿ. ಮರಿಗೆ ಹಾಲುಹಲ್ಲು 3 ವಾರದ ಮ್ಯಾಲ ಮೂಡಾಕ ಹತ್ತಿ 6-8 ವಾರಕ್ಕ ಎಲ್ಲಾ ಬಂದಿರ್ತಾವು. ಹಲ್ಲು ಈಗಷ್ಟ ಮೊಳಕಿ ಒಡೀತಿದ್ರ ಅದು ಇನ್ನೂ ತಾಯಿ ಹತ್ರ ಇರಬೇಕಾದ ಕೂಸು, ಸಂತ್ಯಾಗೋ ಅಂಗಡ್ಯಾಗೋ ಯಾರೋ ಅವಸರ ಮಾಡಿ ಮಾರ್‍ಯಾರ.

"ಒಂದು ಇಂಜೆಕ್ಷನ್ ಆಗೇತಿ" ಅಂತ ಹೇಳಿ ಮಾರಿದ್ರು, ಅದನ್ನ ಲೆಕ್ಕಕ್ಕ ಹಿಡೀಬೋದಾ?

ಕಾರ್ಡ್ ಇದ್ರ, ಆ ಕಾರ್ಡಿನ ಮ್ಯಾಲ ವ್ಯಾಕ್ಸಿನ್ ಬಾಟ್ಲಿಯಿಂದ ಕಿತ್ತು ಅಂಟಿಸಿದ ಸ್ಟಿಕರ್, ಬ್ಯಾಚ್ ನಂಬರ್, ತಾರೀಖು, ಡಾಕ್ಟ್ರ ಸಹಿ ಇದ್ರ ಹಿಡೀರಿ. ಬರೇ ಬಾಯಿಮಾತು ಆದ್ರ ಹಾಕೇ ಇಲ್ಲ ಅಂತ ತಿಳ್ಕೊಂಡು ಮೊದ್ಲಿಂದ ಶುರು ಮಾಡ್ರಿ. ಒಂದು ಡೋಸ್ ಹೆಚ್ಚಾದ್ರ ಮರಿಗೆ ಸಾಮಾನ್ಯವಾಗಿ ಏನೂ ಆಗಂಗಿಲ್ಲ, ಒಂದು ಕಮ್ಮಿ ಬಿದ್ರ ಜೀವ ಹೋಗ್ಬೋದು.

ಅದೇ ಇಂಜೆಕ್ಷನ್ ಮೂರು ನಾಕು ಸಲ ಯಾಕ? ಡಾಕ್ಟ್ರು ರೊಕ್ಕಕ್ಕ ಮಾಡ್ತಾರಂತ ನಮ್ಮ ಮಾವ ಅಂತಾರ

ನಿಮ್ಮ ಮಾವನೋರಿಗೆ ಇದನ್ನ ಓದಿ ಹೇಳ್ರಿ. ಮರಿ ಹುಟ್ಟಿದ ಮೊದಲನೇ ದಿನ ಕುಡಿಯೋ ಗಿಣ್ಣದ ಹಾಲಿನ್ಯಾಗ ತಾಯಿ ಮೈಯಾಗಿನ ರೋಗ ತಡಿಯೋ ಶಕ್ತಿ ಮರಿಗೆ ಬರ್ತೈತಿ. ಆ ಶಕ್ತಿ ಮನಿ ಬಾಗಿಲಿಗೆ ನಿಂತ ಕಾವಲುಗಾರ ಇದ್ದಂಗ, ರೋಗ ಬಂದ್ರೂ ತಡೀತಾನ, ವ್ಯಾಕ್ಸಿನ್ ಬಂದ್ರೂ ಗುರ್ತು ಹಿಡೀದೇ ಅದನ್ನೂ ತಡೀತಾನ. ಅಂವ ಇರೋ ತನಕ ಹಾಕಿದ ವ್ಯಾಕ್ಸಿನ್ ಮರಿಗೆ ಪೂರ್ತಿ ಹತ್ತಂಗಿಲ್ಲ. ತಾಯಿಯಿಂದ ಬಂದ ಶಕ್ತಿ ಕೆಲವು ಮರಿಗೆ 8 ವಾರಕ್ಕ ಇಳೀತೈತಿ, ಕೆಲವಕ್ಕ 12, ಕೆಲವಕ್ಕ 16 ವಾರದ ತನಕ ಇರ್ತೈತಿ, ಒಂದೇ ಸೂಲಿನ ಮರಿಗಳಾಗೂ ಫರಕ್ ಇರ್ತೈತಿ. ನಿಮ್ಮ ಮರೀದು ಯಾವಾಗ ಇಳೀತು ಅಂತ ಹೊರಗಿಂದ ನೋಡಿ ಯಾರಿಗೂ ಗೊತ್ತಾಗಂಗಿಲ್ಲ, ಅದಕ್ಕ 3-4 ವಾರಕ್ಕೊಮ್ಮೆ ಹಾಕ್ತಾ ಹೋಗಿ ಕಡೇಕ 16 ವಾರ ದಾಟಿದ ಮ್ಯಾಲ ಒಂದು ಹಾಕಿದ್ರ ಬಾಳ ಮಟ್ಟಿಗೆ ಎಲ್ಲಾ ಮರಿಗಳಿಗೂ ಅದು ಹತ್ತೇ ಹತ್ತತೈತಿ.

ನಡುವ ಒಂದು ಕೆಟ್ಟ ಕಾಲ ಬರ್ತೈತಿ. ತಾಯಿ ಶಕ್ತಿ ರೋಗ ತಡಿಯೋವಷ್ಟು ಉಳಿದಿರಂಗಿಲ್ಲ, ಆದ್ರ ವ್ಯಾಕ್ಸಿನ್ ಕೆಡಿಸೋವಷ್ಟು ಉಳಿದಿರ್ತೈತಿ. "ಎರಡು ಡೋಸ್ ಹಾಕಿಸಿದ್ವಿ, ಆದ್ರೂ ಪಾರ್ವೋ ಬಂತು" ಅಂತ ಅಳ್ತಾ ಬರೋವ್ರ ಮರಿಗಳಿಗೆ ಬಾಳ ಸಲ ಆಗಿರೋದು ಇದೇ. ಅದಕ್ಕ ಕಡೇ ಡೋಸ್ ಆಗೋ ತನಕ ಮರಿ ಕಾಪಾಡೋದು ನಿಮ್ಮ ಕೈಯಾಗ ಐತಿ.

ಫೈವ್ ಇನ್ ಒನ್, ಸೆವೆನ್ ಇನ್ ಒನ್, ನೈನ್ ಇನ್ ಒನ್ ಅಂತಾರ, ಯಾವ್ದು ಚಲೋ?

ನಂಬರ್ ದೊಡ್ಡದಿದ್ರ ಚಲೋ ಅಂತೇನಿಲ್ಲ. ಡಿಸ್ಟೆಂಪರ್, ಪಾರ್ವೋ, ಹೆಪಟೈಟಿಸ್ ಈ ಮೂರು ಯಾವ ನಾಯಿಗೂ ಬಿಡಂಗಿಲ್ಲ, ಅವು ಫೈವ್ ಇನ್ ಒನ್‌ನ್ಯಾಗನ ಅದಾವು. ಅದಕ್ಕಿಂತ ದೊಡ್ಡದ್ರಾಗ ಸಾಮಾನ್ಯವಾಗಿ ಲೆಪ್ಟೋ ಕೂಡಿರ್ತೈತಿ, ಅಂದ್ರ ಇಲಿಜ್ವರ. ನಮ್ಮ ಕಡೆ ಇದು ಬೇಕು ಅಂತ ನಾನು ಖಡಾಖಂಡಿತ ಹೇಳ್ತೀನಿ. ಗಂಗಾವತಿ, ಸಿಂಧನೂರು, ಸಿರುಗುಪ್ಪ ಅಂದ್ರ ತುಂಗಭದ್ರಾ ಕಾಲುವಿ ನೀರಿನ ಭತ್ತದ ಸೀಮಿ, ಗದ್ದ್ಯಾಗ ಇಲಿ, ಗೋಡೌನಿನ್ಯಾಗ ಇಲಿ, ಇಲಿ ಉಚ್ಚಿ ಬಿದ್ದ ನಿಂತ ನೀರನ್ನ ನಾಯಿ ಕುಡೀತಾವು. ಕಣ್ಣು, ಒಸಡು ಹಳದಿ ಆಗಿ ಕಿಡ್ನಿ, ಲಿವರ್ ಎರಡೂ ಹೋಗ್ತಾವು. ಮನುಷ್ಯಾರಿಗೂ ಹತ್ತೋ ರೋಗ ಇದು. ಲೆಪ್ಟೋಕ್ಕ ಮೊದ್ಲ ಎರಡು ಡೋಸ್, ಆಮ್ಯಾಲ ವರ್ಷಕ್ಕೊಮ್ಮೆ ತಪ್ಪದೇ, ಯಾಕಂದ್ರ ಇದರ ಶಕ್ತಿ ವರ್ಷದ ಮ್ಯಾಲ ನಿಲ್ಲಂಗಿಲ್ಲ. ಇನ್ನ ಕೊರೋನಾ ಅಂತ ಒಂದು ಕೂಡಿರ್ತೈತಿ ಕೆಲವುದ್ರಾಗ, ಅದು ನಾಯಿ ಹೊಟ್ಟೀದು, ನಮ್ಮ ಕೋವಿಡ್ ಅಲ್ಲ, ಅದು ಇಲ್ದಿದ್ರೂ ನಡೀತೈತಿ.

ಮೆಡಿಕಲ್ ಶಾಪಿನ್ಯಾಗ ವ್ಯಾಕ್ಸಿನ್ ತಗೊಂಡು ನಾವೇ ಹಾಕಿದ್ರ ಏನಾಗ್ತೈತಿ? ಕುರಿಗೆ ನಾವೇ ಹಾಕ್ತೀವಲ್ಲ

ಸೂಜಿ ಚುಚ್ಚೋದು ನಿಮಗ ಬರ್ತೈತಿ, ಅದ್ರ ಬಗ್ಗೆ ನನ್ನ ತಕರಾರಿಲ್ಲ. ತೊಂದ್ರಿ ಇರೋದು ಬಿಸಿಲಿಂದು. ಈ ವ್ಯಾಕ್ಸಿನ್ 2ರಿಂದ 8 ಡಿಗ್ರಿ ತಂಪಿನ್ಯಾಗನ ಇರಬೇಕು, ಕಂಪನಿಯಿಂದ ಹಿಡ್ದು ಮರಿ ಮೈಯಾಗ ಹೋಗೋ ತನಕ. ಪಾರ್ವೋ ಡಿಸ್ಟೆಂಪರ್ ವ್ಯಾಕ್ಸಿನ್ನಿನ್ಯಾಗ ಇರೋದು ಬಲ ಕುಂದಿಸಿದ ಜೀವಂತ ವೈರಸ್, ಬಿಸಿ ತಾಗಿದ್ರ ಅದು ಸತ್ತುಹೋಗ್ತೈತಿ, ಸತ್ತದ್ದನ್ನ ಹಾಕಿದ್ರ ನೀರು ಹಾಕಿದಂಗನ. ಮೇ ತಿಂಗಳ ರಾಯಚೂರು ಬಳ್ಳಾರಿ ಬಿಸಿಲು 40 ಡಿಗ್ರಿ ದಾಟಿರ್ತೈತಿ, ಅಂಥಾದ್ರಾಗ ಅಂಗಿ ಕಿಸೇದಾಗ, ಗಾಡಿ ಡಿಕ್ಕ್ಯಾಗ ಇಟ್ಕೊಂಡು ಊರಿಗೆ ಹೋದ್ರ ಬಾಟ್ಲಿ ನೋಡಾಕ ಹಂಗ ಇರ್ತೈತಿ, ಒಳಗ ಏನೂ ಉಳಿದಿರಂಗಿಲ್ಲ. ರೇಬೀಸಿಂದು ಉಲ್ಟಾ ಕಥಿ, ಅದು ಫ್ರೀಜರಿನ್ಯಾಗ ಗಡ್ಡಿ ಕಟ್ಟಿದ್ರ ಕೆಡ್ತೈತಿ, ಅದಕ್ಕ ಐಸ್ ಮ್ಯಾಲ ನೇರ ಇಡಬಾರ್ದು, ಫ್ರಿಜ್ಜಿನ ಕೆಳಗಿನ ಖಾನ್ಯಾಗ ಇಡಬೇಕು.

ಇನ್ನೊಂದು, ಪುಡಿ ಬಾಟ್ಲಿಗೆ ಅದರ ಜೋಡಿ ಬಂದ ನೀರು ಬೆರೆಸಿದ ಮ್ಯಾಲ ತಡ ಮಾಡದೇ ಹಾಕಿಬಿಡ್ಬೇಕು. ಮುಂಜಾನಿ ಬೆರೆಸಿ ಸಂಜೀಕ ಹಾಕೋದು, ಒಂದು ಡೋಸನ್ನ ಎರಡು ಮರಿಗೆ ಅರ್ಧಾ ಅರ್ಧಾ ಹಂಚೋದು ಎರಡೂ ದಂಡ. ಆದಷ್ಟು ಡಾಕ್ಟ್ರ ಕಡೆನ ಹಾಕಿಸ್ರಿ. ಡಾಕ್ಟ್ರು ನೀವೇ ತರ್ರಿ ಅಂದ್ರ ಥರ್ಮಾಸಿನ್ಯಾಗೋ ಐಸ್ ಡಬ್ಬ್ಯಾಗೋ ಪೇಪರ್ ಸುತ್ತಿ ತಗೊಂಡು ಹೋಗ್ರಿ. ಅಂಗಡ್ಯಾಗ ಕರೆಂಟ್ ಹೋದಾಗ ಫ್ರಿಜ್ ಹೆಂಗ ನಡಿತೈತಿ ಅಂತ ಕೇಳಾಕ ನಾಚಿಕಿ ಪಡಬ್ಯಾಡ್ರಿ.

ಸರ್ಕಾರಿ ಪಶು ಆಸ್ಪತ್ರ್ಯಾಗ ನಾಯಿಗೂ ನೋಡ್ತಾರಾ, ದನಕ್ಕಷ್ಟನಾ?

ನಾಯಿಗೂ ನೋಡ್ತಾರ, ಸಂಕೋಚ ಇಲ್ದೆ ಹೋಗ್ರಿ. ಮಿಕ್ಸ್ ವ್ಯಾಕ್ಸಿನ್ ಸ್ಟಾಕ್ ಐತೋ ಇಲ್ಲೋ ಅಂತ ಮೊದ್ಲ ಫೋನ್ ಮಾಡಿ ಕೇಳ್ಕೊಳ್ರಿ. ಜುಲೈ 6 ವಿಶ್ವ ಪ್ರಾಣಿಜನ್ಯ ರೋಗಗಳ ದಿನ, ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ, ಆ ಹೊತ್ತಿಗೆ ಬಾಳ ಕಡೆ ಪುಕ್ಕಟೆ ರೇಬೀಸ್ ಲಸಿಕೆ ಹಾಕ್ತಾರ, ವಿಚಾರ ಮಾಡಿ ಇಟ್ಕೊಳ್ರಿ.

ಇಂಜೆಕ್ಷನ್ ಹಾಕಿಸಿ ತಂದ್ವಿ, ಮರಿ ಸಪ್ಪಗ ಮಲಗೇತಿ, ಊಟಾನೂ ಬಿಟ್ಟೈತಿ, ಹೆದರಿಕಿ ಆಗೇತಿ

ಒಂದು ದಿನ, ಬಾಳಂದ್ರ ಎರಡು ದಿನ ಸಣ್ಣ ಜ್ವರ, ನಿದ್ದಿ, ಚುಚ್ಚಿದಲ್ಲಿ ಗಂಟು ಇದ್ರ ಹೆದರಬ್ಯಾಡ್ರಿ. ಹೆದರಬೇಕಾದ್ದು ಯಾವುದಂದ್ರ ಹಾಕಿಸಿ ತಾಸಿನೊಳಗ ಮಾರಿ ಬಾತು ಕಣ್ಣು ಮುಚ್ಚಿದಂಗಾಗೋದು, ಮೇಲಿಂದ ಮೇಲೆ ವಾಂತಿ, ಉಸ್ರಿಗೆ ಒದ್ದಾಡೋದು. ಅದು ಅಲರ್ಜಿ, ತಕ್ಷಣ ವಾಪಸ್ ಒಯ್ರಿ. ಅದಕ್ಕ ಹಾಕಿಸಿದ ಮ್ಯಾಲ ದವಾಖಾನಿ ಮುಂದ ನೆರಳಾಗ ಅರ್ಧ ತಾಸು ಕುಂತು ಬರೋದು ಚಲೋ. ಜ್ವರ ಐತಿ ಅಂತ ಮನುಷ್ಯಾರ ಡೋಲೋ, ಬ್ರೂಫೆನ್ ಕೊಡಬ್ಯಾಡ್ರಿ, ಮರಿಗೆ ಅವು ವಿಷ ಆಗ್ಬೋದು.

ಹಾಕಿಸಿದ ದಿನ ಮೈ ತೊಳೀಬೋದಾ?

ಎರಡು ಮೂರು ದಿನ ಬಿಡ್ರಿ, ಮರಿಗೆ ತ್ರಾಸು ಬ್ಯಾಡ ಅಂತ ಅಷ್ಟ.

ಕಡೇ ಡೋಸ್ ಆಗೋ ತನಕ ಮನಿಯಾಗ ಕಟ್ಟಿ ಹಾಕಬೇಕಾ?

ಕಟ್ಟಿ ಹಾಕಬ್ಯಾಡ್ರಿ. 3ರಿಂದ 14 ವಾರದ ಒಳಗ ಮರಿ ಏನು ನೋಡ್ತೈತಿ ಅದನ್ನ ಮುಂದ ನಂಬತೈತಿ, ಆವಾಗ ಬರೇ ಗೋಡಿ ನೋಡ್ಕೊಂಡು ಬೆಳೆದ್ರ ದೊಡ್ಡದಾದಾಗ ಬಂದವ್ರಿಗೆಲ್ಲಾ ಬೊಗಳಿ ಕಚ್ಚಾಕ ಹೋಗ್ತೈತಿ. ಬಗಲಾಗ ಎತ್ಕೊಂಡು ಟ್ರ್ಯಾಕ್ಟರ್ ಸಪ್ಪಳ, ಬಜಾರ, ಮಕ್ಕಳು, ಟೋಪಿ ಹಾಕಿದವ್ರು, ಕೋಲು ಹಿಡಿದವ್ರು ಎಲ್ಲಾ ತೋರಿಸ್ರಿ. ಬೀದಿ ನೆಲದ ಮ್ಯಾಲ ಇಳಿಸಬ್ಯಾಡ್ರಿ, ಬ್ಯಾರೆ ನಾಯಿ ಹೇತ ಜಾಗ ಮೂಸಾಕ ಬಿಡಬ್ಯಾಡ್ರಿ. ಕಡೇ ಡೋಸ್ ಆಗಿ ಎರಡು ವಾರದ ಮ್ಯಾಲ ನೆಲಕ್ಕ ಬಿಡ್ರಿ. ಪರಿಚಯದ ಮನ್ಯಾಗಿನ, ಎಲ್ಲಾ ಲಸಿಕೆ ಆದ ನಾಯಿ ಜೋಡಿ ಆಡಿದ್ರ ಅಡ್ಡಿಯಿಲ್ಲ.

## ರೋಗಗಳ ಬಗ್ಗೆ

ನಿನ್ನೆ ರಾತ್ರಿಯಿಂದ ವಾಂತಿ, ಈಗ ರಕ್ತದ ಭೇದಿ, ಬಾಳ ಕೆಟ್ಟ ವಾಸನಿ, ಮಜ್ಜಿಗಿ ಕುಡಿಸಿದ್ರೂ ನಿಲ್ವಲ್ದು

ಇದನ್ನ ಓದೋದು ಬಿಟ್ಟು ಮೊದ್ಲ ಮರಿ ಎತ್ಕೊಂಡು ದವಾಖಾನಿಗೆ ನಡೀರಿ. ಇದು ಪಾರ್ವೋ ಇರಬೋದು. ವೈರಸ್ ಕರುಳಿನ ಒಳಪದರನ್ನ ತಿಂದುಬಿಡ್ತೈತಿ, ರಕ್ತದಾಗ ಬಿಳಿಕಣ ಇಳಿಸ್ತೈತಿ, ನೀರಿಲ್ದೆ ಮರಿ ಸಾಯ್ತೈತಿ. ವೈರಸ್ಸಿಗೆ ನೇರ ಔಷಧಿ ನಮ್ಮ ಕಡೆ ಸಾಮಾನ್ಯವಾಗಿ ಸಿಗಂಗಿಲ್ಲ, ಆದ್ರ ಡ್ರಿಪ್ ಹಾಕಿ, ವಾಂತಿ ನಿಲ್ಲಿಸಿ, ಆ್ಯಂಟಿಬಯೋಟಿಕ್ ಕೊಟ್ಟು ದಿನಾ ನೋಡ್ಕೊಂಡ್ರ ಬಾಳ ಮರಿ ಬದುಕ್ತಾವು, ಬೇಗ ಹೋದಷ್ಟು ಹೆಚ್ಚು. ವಾಂತಿ ಮಾಡೋ ಮರಿಗೆ ಬಾಯಾಗ ಮಜ್ಜಿಗಿ, ಸಕ್ರಿ ನೀರು, ದಾಳಿಂಬ್ರಿ ಸಿಪ್ಪಿ ಕಷಾಯ ಸುರಿಯೋದ್ರಿಂದ ಅದು ಶ್ವಾಸಕ್ಕ ಹೋಗ್ತೈತಿ, ಇನ್ನೊಂದು ವಾಂತಿ ಆಗ್ತೈತಿ, ಮುಖ್ಯ ಅಂದ್ರ ಒಂದು ದಿನ ಹಾಳಾಗ್ತೈತಿ. ನಾನು ನೋಡಿದ ಮಟ್ಟಿಗೆ ಆ ಒಂದು ದಿನಾನೇ ಮರಿ ಕಳಿಯೋದು.

ದವಾಖಾನ್ಯಾಗ ಮರಿ ನೆಲಕ್ಕ ಬಿಡಬ್ಯಾಡ್ರಿ, ಒಳಗ ಹೋಗೋಕಿಂತ ಮೊದ್ಲ "ಪಾರ್ವೋ ಸಂಶಯ ಐತ್ರಿ" ಅಂತ ಹೇಳ್ರಿ, ಅಲ್ಲಿ ಬ್ಯಾರೆಯವ್ರ ಮರಿಗಳೂ ಕುಂತಿರ್ತಾವು.

ಪಾರ್ವೋ ನಮ್ಮ ಮಕ್ಕಳಿಗೆ ಹತ್ತತೈತಾ?

ನಾಯಿ ಪಾರ್ವೋ ಮನುಷ್ಯಾರಿಗೆ ಬರಂಗಿಲ್ಲ. ಆದ್ರ ನಿಮ್ಮ ಚಪ್ಪಲಿ, ಕೈ, ಬಟ್ಟಿ ಮ್ಯಾಲ ಕುಂತು ಓಣಿ ಮುಂದಿನ ಮರಿಗೆ ಹೋಗ್ತೈತಿ.

ಕಣ್ಣು ಮೂಗಿನ್ಯಾಗ ಕೀವು, ಕೆಮ್ಮು ಇತ್ತು, ಕಮ್ಮಿ ಆತು ಅನ್ನೋದ್ರಾಗ ಬಾಯಿ ಕಟಕಟ ಅಲ್ಲಾಡಸ್ತೈತಿ, ಹುಚ್ಚು ಹಿಡೀತಾ?

ಹುಚ್ಚು ಅಂತ ಹೊಡಿಬ್ಯಾಡ್ರಿ, ಡಿಸ್ಟೆಂಪರ್ ಇರಬೋದು. ಆದ್ರ ರೇಬೀಸ್ ಅಲ್ಲ ಅಂತ ಕಣ್ಣಿಂದ ನೋಡಿ ಯಾರೂ ಹೇಳಾಕಾಗಂಗಿಲ್ಲ, ಅದಕ್ಕ ಬಾಯಾಗ ಕೈ ಹಾಕದೇ, ಮಕ್ಕಳನ್ನ ದೂರ ಇಟ್ಟು ಡಾಕ್ಟ್ರಿಗೆ ತೋರಿಸ್ರಿ. ಡಿಸ್ಟೆಂಪರ್ ಮೊದ್ಲ ನೆಗಡಿ ಜ್ವರದಂಗ ಬರ್ತೈತಿ, ಆಮ್ಯಾಲ ಹೊಟ್ಟಿ, ಕೆಲವು ವಾರ ಬಿಟ್ಟು ಮಿದುಳಿಗೆ ಏರ್ತೈತಿ, ಪಾದ ಗಟ್ಟಿ ಆಗ್ತಾವು, ಫಿಟ್ಸ್ ಬರ್ತಾವು, ಒಂದು ಕಾಲು ಮಲಗಿದಾಗೂ ಜಗ್ಗತಿರ್ತೈತಿ. ಉಳಿದ ನಾಯಿಗೆ ಆ ಜಗ್ಗೋದು ಕಡೀತನಕ ಇರಬೋದು. ಈ ವೈರಸ್ ನಮ್ಮ ಬಿಸಿಲಿಗೆ ನೆಲದ ಮ್ಯಾಲ ಬಾಳ ಹೊತ್ತು ಬದುಕಂಗಿಲ್ಲ, ಆದ್ರ ಸೀನಿದಾಗ ಗಾಳ್ಯಾಗ ಹೋಗ್ತೈತಿ, ಓಣ್ಯಾಗ ಒಂದು ಮರಿಗೆ ಬಂದ್ರ ಸಾಕು.

ಮೈತುಂಬ ಉಣ್ಣಿ ಆಗ್ಯಾವು, ಹತ್ತಿಗೆ ಹೊಡಿಯೋ ಎಣ್ಣಿ (ಕೀಟನಾಶಕ) ಸ್ವಲ್ಪ ನೀರಾಗ ಹಾಕಿ ಒರಸ್ಬೋದಾ?

ಬ್ಯಾಡ. ಕೈ ಮುಗಿದು ಹೇಳ್ತೀನಿ, ಬ್ಯಾಡ. ಹತ್ತಿ, ಮೆಣಸಿನಕಾಯಿ ಬೆಳೆಯೋ ಎಲ್ಲಾ ಮನ್ಯಾಗ ಆ ಡಬ್ಬಿ ಇರ್ತೈತಿ, ಅದಕ್ಕ ನಮ್ಮ ಕಡೆ ಈ ಸಾವು ಬಾಳ. ಬೆಳಿ ಎಣ್ಣಿ ಚರ್ಮದ ಮೂಲಕನ ಒಳಗ ಇಳೀತೈತಿ, ನಾಯಿ ನೆಕ್ಕಿದ್ರ ಇನ್ನೂ ಜಲ್ದಿ. ಜೊಲ್ಲು ಸುರಿಯೋದು, ಮೈ ನಡುಗೋದು, ಕಣ್ಣಿನ ಪಾಪಿ ಸಣ್ಣದಾಗೋದು, ಉಸ್ರು ಕಟ್ಟೋದು. ಯಾರಾದ್ರೂ ಈಗಾಗ್ಲೇ ಹಚ್ಚಿದ್ರ ಕೈಗೆ ಗ್ಲೌಸ್ ಹಾಕ್ಕೊಂಡು ಸಾಬೂನು ಹಚ್ಚಿ ಬಾಳ ನೀರಾಗ ತೊಳ್ದು, ಆ ಡಬ್ಬಿ ಸಮೇತ ಡಾಕ್ಟ್ರ ಹತ್ರ ಓಡ್ರಿ, ಕೆಲವು ಎಣ್ಣಿಯ ವಿಷಕ್ಕ ಅಟ್ರೊಪಿನ್ ಅಂತ ಇಂಜೆಕ್ಷನ್ ಐತಿ.

ಉಣ್ಣಿಗೆ ವ್ಯಾಕ್ಸಿನ್ ಇಲ್ಲ, ಉಣ್ಣಿ ತರೋ ಜ್ವರಕ್ಕೂ ನಮ್ಮಲ್ಲಿ ಸಿಗಂಗಿಲ್ಲ, ಅದಕ್ಕ ಉಣ್ಣೀನೇ ತಡೀಬೇಕು. 8 ವಾರ ದಾಟಿದ ಮರಿಗೆ ಕೊಡೋ ಮಾತ್ರಿ, ಬೆನ್ನಿಗೆ ಬಿಡೋ ಹನಿ ಅದಾವು, ತೂಕ ನೋಡಿ ಡಾಕ್ಟ್ರು ಕೊಡ್ತಾರ. ಮೈ ಮ್ಯಾಲ ಕಾಣೋವು ಕಮ್ಮಿ, ಗ್ವಾಡಿ ಸಂದಿ, ಕಲ್ಲು ಚಪ್ಪಡಿ ಬಿರುಕು, ಮಂಚದ ಕೆಳಗ ತತ್ತಿ ಇಟ್ಟಿರ್ತಾವು, ಒಂದು ಹೆಣ್ಣುಣ್ಣಿ ಸಾವಿರಾರು ತತ್ತಿ ಇಡ್ತೈತಿ. ಆ ಸಂದಿಗೆ ಸಿಮೆಂಟ್ ತುಂಬಿಸ್ರಿ, ಹಾಸಿಗಿ ಬಿಸಿನೀರಾಗ ತೊಳಿರಿ. ನಾಯಿ ಊಟ ಬಿಟ್ಟು ಜ್ವರ, ಒಸಡು ಬೆಳ್ಳಗ, ಹೊಟ್ಟಿ ಮ್ಯಾಲ ಕೆಂಪು ಚುಕ್ಕಿ, ಮೂಗಿನಿಂದ ರಕ್ತ ಕಂಡ್ರ ರಕ್ತ ಪರೀಕ್ಷೆ ಮಾಡಿಸ್ರಿ. ಎರ್ಲಿಕಿಯಾ, ಅಂದ್ರ ಉಣ್ಣಿ ತರೋ ಜ್ವರ, ಆಗಿದ್ರ ಮಾತ್ರಿ ಸುಮಾರು 4 ವಾರ ನಡೀತಾವು, ನಾಲ್ಕು ದಿನಕ್ಕ ಚಲೋ ಆತು ಅಂತ ನಿಲ್ಲಿಸಿದ್ರ ರೋಗ ಒಳಗ ಕುಂತು ಮತ್ತ ಏಳ್ತೈತಿ.

ಜಂತುಹುಳದ ಔಷಧಿ ಯಾವಾಗಿಂದ?

2 ವಾರದ ಮರಿಯಿಂದ ಶುರು. ಎರಡೆರಡು ವಾರಕ್ಕೊಮ್ಮೆ 12 ವಾರದ ತನಕ, ಆಮ್ಯಾಲ ತಿಂಗಳಿಗೊಮ್ಮೆ 6 ತಿಂಗಳ ತನಕ, ಮುಂದ 3 ತಿಂಗಳಿಗೊಮ್ಮೆ. ಕಣ್ಣಿಗೆ ಕಾಣದಿದ್ರೂ ಕೊಡ್ರಿ, ದುಂಡುಹುಳ ತಾಯಿ ಹೊಟ್ಟ್ಯಾಗಿದ್ದಾಗನ ಮರಿಗೆ ಬರ್ತಾವು. ಕೊಕ್ಕಿಹುಳ ರಕ್ತ ಕುಡಿದು ಸಣ್ಣ ಮರೀನ ಸಾಯಿಸ್ತಾವು. ಮಣ್ಣಾಗ ಆಡೋ ಮಕ್ಕಳಿಗೂ ಹತ್ತತಾವು.

## ರೇಬೀಸ್

ನಮ್ಮ ಮರಿ ಎರಡು ತಿಂಗಳದ್ದು, ಆಡ್ತಾ ಹಲ್ಲು ತಾಗಿ ರಕ್ತ ಬಂತು. ಮರಿಗೇನು ರೇಬೀಸ್ ಇರ್ತೈತಿ?

ಇರಬೋದು. ತಾಯಿಗೋ ಮರಿಗೋ ಹುಚ್ಚುನಾಯಿ ಕಚ್ಚಿದ್ದು ನಿಮಗ ಗೊತ್ತಿರಂಗಿಲ್ಲ. ಗಾಯನ ಹರಿಯೋ ನೀರಾಗ ಸಾಬೂನು ಹಚ್ಚಿ 15 ನಿಮಿಷ ತೊಳಿರಿ, ಗಡಿಯಾರ ನೋಡಿ ತೊಳಿರಿ. ಖಾರಪುಡಿ, ಸುಣ್ಣ, ಕಾಫಿಪುಡಿ, ಎಣ್ಣಿ ಯಾವುದೂ ಹಚ್ಚಬ್ಯಾಡ್ರಿ, ಬಟ್ಟಿ ಬಿಗಿಬ್ಯಾಡ್ರಿ. ಅದೇ ದಿನ ತಾಲ್ಲೂಕು ಆಸ್ಪತ್ರಿಗೆ ಹೋಗ್ರಿ, ಸರ್ಕಾರಿ ಆಸ್ಪತ್ರ್ಯಾಗ ಇಂಜೆಕ್ಷನ್ ಪುಕ್ಕಟೆ. ರಕ್ತ ಬಂದಿದ್ರ ಗಾಯದ ಸುತ್ತ ಹಾಕೋ ಸೀರಂ (ವೈರಸ್ಸನ್ನ ಅಲ್ಲೇ ತಡಿಯೋ ಔಷಧಿ) ಕೂಡ ಬೇಕಾಗ್ತೈತಿ, ಅದನ್ನ ನೀವೇ ಬಾಯಿ ಬಿಟ್ಟು ಕೇಳ್ರಿ. ಮರಿನ 10 ದಿನ ಕಣ್ಣಿಟ್ಟು ನೋಡ್ರಿ, ಆದ್ರ 10 ದಿನ ನೋಡಿ ಆಮ್ಯಾಲ ಇಂಜೆಕ್ಷನ್ ಅನ್ನೋ ಲೆಕ್ಕ ಮಾಡಬ್ಯಾಡ್ರಿ, ಮೊದ್ಲ ಶುರು, ಜೋಡಿಗೆ ನೋಡೋದು. ರೋಗದ ಲಕ್ಷಣ ಬಂದ ಮ್ಯಾಲ ಉಳಿಯೋದು ಇಲ್ಲ ಅಂದ್ರೂ ನಡೀತೈತಿ.

ಹೊಟ್ಟಿಗೆ 14 ಇಂಜೆಕ್ಷನ್ ಅಂತ ನಮ್ಮಜ್ಜಿ ಹೆದರಿಸ್ತಾಳ, ಅದಕ್ಕ ಹುಡುಗ ಕಚ್ಚಿದ್ದು ಮುಚ್ಚಿಟ್ಟಿದ್ದ

ಅಜ್ಜಿ ಹೇಳಿದ್ದು ಅವ್ರ ಕಾಲಕ್ಕ ಖರೇನ. ಆವಾಗ ಕುರಿ ಮಿದುಳಿನಿಂದ ಮಾಡಿದ ಔಷಧಿ ಇತ್ತು, ನಮ್ಮ ದೇಶದಾಗ ಅದನ್ನ 2004ರ ಕಡೀಕ ನಿಲ್ಲಿಸಿದ್ರು. ಈಗ ತೋಳಿಗೆ, ಮೊದಲನೇ ದಿನ, 3, 7, 28 ಹಿಂಗ ಚರ್ಮದಾಗ ಹಾಕ್ತಾರ, ಇಲ್ಲಾ ಸ್ನಾಯುವಿಗೆ ಹಾಕಿದ್ರ 14ನೇ ದಿನಾನೂ ಒಂದು. ಮಕ್ಕಳಿಗೆ ಇದನ್ನ ಮೊದ್ಲ ಹೇಳಿ ಇಡ್ರಿ, ಹೆದರಿ ಮುಚ್ಚಿಡೋ ಮಕ್ಕಳೇ ನಮ್ಮ ಕೈತಪ್ಪಿ ಹೋಗೋದು.

ಬೀದಿನಾಯಿ ನಮ್ಮ ಮರಿಗೆ ಕಚ್ಚೇತಿ, ರೇಬೀಸ್ ಇಂಜೆಕ್ಷನ್ ಆಗೇತಿ, ಸುಮ್ನಿರಬೋದಾ?

ಸುಮ್ನಿರಬ್ಯಾಡ್ರಿ, ಗ್ಲೌಸ್ ಹಾಕ್ಕೊಂಡು ಗಾಯ ಹಂಗ ತೊಳ್ದು ಅದೇ ದಿನ ಒಯ್ದು ಬೂಸ್ಟರ್ ಹಾಕಿಸ್ರಿ, ಎಷ್ಟು ಡೋಸ್ ಅಂತ ಡಾಕ್ಟ್ರು ಕಾರ್ಡ್ ನೋಡಿ ಹೇಳ್ತಾರ.

## ಇನ್ನಷ್ಟು ಒಳಗ ಹೋಗಿ ಕೇಳೋವ್ರಿಗೆ

ಎರಡನೇ ಡೋಸ್ ಎರಡು ತಿಂಗಳು ತಡ ಆತು, ಎಲ್ಲಾ ಮೊದ್ಲಿಂದನಾ?

ಈಗ ಮರಿಗೆ 16 ವಾರ ದಾಟಿದ್ರ ಇವತ್ತ ಒಂದು, 3-4 ವಾರ ಬಿಟ್ಟು ಇನ್ನೊಂದು ಹಾಕಿಸಿದ್ರ ಸಾಕು. ಬೀದಿಯಿಂದ ತಂದ ದೊಡ್ಡ ನಾಯಿಗೂ ಇದೇ ಲೆಕ್ಕ, ಜೋಡಿಗೆ ರೇಬೀಸ್.

ನಮ್ದು ಕುರಿ ಹಟ್ಟಿ ನಾಯಿ, ಊರೂರು ತಿರುಗ್ತೈತಿ, ಕುರಿಗೆ ಹಾಕೋ ಹುಳದ ಔಷಧಿ ಐವರ್ಮೆಕ್ಟಿನ್ನೇ ಇದಕ್ಕೂ ಹಾಕ್ತೀವಿ

ಕುರಿ ಅಳತೀಲಿ ನಾಯಿಗೆ ಹಾಕಬ್ಯಾಡ್ರಿ. ಕೋಲಿ ಅನ್ನೋ ವಿದೇಶಿ ಕುರಿ ಕಾಯೋ ನಾಯಿ ತಳಿ ರಕ್ತ ಇರೋ ನಾಯಿಗಳ ಮಿದುಳಿಗೆ ಅದು ನೇರ ಹೋಗ್ತೈತಿ, ಕೋಮಾಕ್ಕ ಬೀಳ್ತಾವು, ಸಣ್ಣ ಮರಿಗಂತೂ ಯಾವ ಜಾತಿ ಇದ್ರೂ ಅಪಾಯ. ಅಡ್ಡಾಡೋ ನಾಯಿಗೆ ವ್ಯಾಕ್ಸಿನ್ ಮನಿ ನಾಯಿಗಿಂತ ಹೆಚ್ಚು ಬೇಕು, ತೋಳ, ನರಿ, ಬ್ಯಾರೆ ಊರ ನಾಯಿ ಎಲ್ಲಾದ್ರ ಜೋಡಿ ಕಾದಾಡೋದು ಅದೇ. ಹಟ್ಟಿ ಮುಂದ ಹೋಗೋಕಿಂತ ಮೊದ್ಲ, ಊರಾಗ ಇದ್ದಾಗನ ರೇಬೀಸ್ ಮುಗಿಸಿಬಿಡ್ರಿ. ಗಬ್ಬ ಇರೋ ಹೆಣ್ಣುನಾಯಿಗೆ ಮಿಕ್ಸ್ ವ್ಯಾಕ್ಸಿನ್ ಹಾಕಿಸಬ್ಯಾಡ್ರಿ, ಬೆದಿಗೆ ಬರೋಕಿಂತ ಮೊದ್ಲ ಹಾಕಿಸಿದ್ರ ಮರಿಗಳಿಗೆ ಹಾಲಿನ್ಯಾಗ ಶಕ್ತಿ ಹೋಗ್ತೈತಿ.

ದೊಡ್ಡದಾದ ಮ್ಯಾಲ ವರ್ಷಾ ವರ್ಷಾ ಎಲ್ಲಾ ಬೇಕಾ?

ಮರಿದ್ದಾಗ ಸರಿಯಾಗಿ ಮುಗಿಸಿ, ವರ್ಷಕ್ಕ ಬೂಸ್ಟರ್ ಆಗಿದ್ರ ಪಾರ್ವೋ, ಡಿಸ್ಟೆಂಪರ್, ಹೆಪಟೈಟಿಸ್ ಶಕ್ತಿ 3 ವರ್ಷ, ಅದಕ್ಕೂ ಹೆಚ್ಚು ಇರ್ತೈತಿ ಅಂತ ಜಗತ್ತಿನ ಪಶುವೈದ್ಯರ ಮಾರ್ಗಸೂಚಿ ಹೇಳ್ತಾವು. ಲೆಪ್ಟೋ ಮತ್ತ ರೇಬೀಸ್ ಮಾತ್ರ ನಮ್ಮ ಕಡೆ ವರ್ಷಕ್ಕೊಮ್ಮೆ ಹಾಕಿಸೋದೇ ಸರಿ ಅಂತ ನನ್ನ ಅಭಿಪ್ರಾಯ, ಬೀದಿನಾಯಿ ಮತ್ತ ಇಲಿ ಎರಡೂ ಇರೋ ಊರು ನಮ್ದು.

ಪಾರ್ವೋದಾಗ ಮರಿ ಹೋತು. ಮಕ್ಕಳು ಅಳ್ತಾವು, ಅದೇ ಮನಿಗೆ ಇನ್ನೊಂದು ತರಬೋದಾ?

ತಕ್ಷಣ ಬ್ಯಾಡ. ಈ ವೈರಸ್ ನೆಲದ ಮ್ಯಾಲ ತಿಂಗಳುಗಟ್ಲೆ, ನೆರಳು ತೇವ ಇದ್ರ ವರ್ಷದ ತನಕ ಇರ್ತೈತಿ, ಫಿನಾಯಿಲ್ ಡೆಟ್ಟಾಲಿಗೆ ಸಾಯಂಗಿಲ್ಲ. ಸಾಯೋದು ಬ್ಲೀಚಿಗೆ. ಮೊದ್ಲ ನೆಲ ಸಾಬೂನಿನಿಂದ ಉಜ್ಜಿ ಹೇಲು ಕೊಳಿ ಎಲ್ಲಾ ತೆಗೀರಿ, ಕೊಳಿ ಮ್ಯಾಲ ಬ್ಲೀಚ್ ಕೆಲಸ ಮಾಡಂಗಿಲ್ಲ. ಆಮ್ಯಾಲ ಅಂಗಡ್ಯಾಗ ಸಿಗೋ ಸೋಡಿಯಂ ಹೈಪೋಕ್ಲೋರೈಟ್ ಬ್ಲೀಚ್ ಒಂದು ಪಾಲಿಗೆ 30 ಪಾಲು ನೀರು ಕೂಡಿಸಿ ಸುರುವಿ 10 ನಿಮಿಷ ಹಸಿ ಇರೋವಂಗ ಬಿಟ್ಟು ತೊಳಿರಿ. ಬ್ಲೀಚ್ ಜೋಡಿ ಆ್ಯಸಿಡ್, ಫಿನಾಯಿಲ್ ಯಾವುದೂ ಕೂಡಿಸಬ್ಯಾಡ್ರಿ, ಕೆಟ್ಟ ಗ್ಯಾಸ್ ಏಳ್ತೈತಿ. ಸತ್ತ ಮರೀದು ಹಾಸಿಗಿ, ಗಂಗಾಳ, ಬೆಲ್ಟು ಸುಟ್ಟುಬಿಡ್ರಿ ಇಲ್ಲಾ ಹೂಳ್ರಿ. ಅಂಗಳ ಎರಿಮಣ್ಣಿಂದು ಇದ್ರ ಬ್ಲೀಚಿಗೆ ಜಗ್ಗಂಗಿಲ್ಲ, ಅಲ್ಲಿ ಮೇಲಿನ ಮಣ್ಣು ತೆಗೆದು ಬಿಸಿಲಿಗೆ ಒಣಗಿಸೋದೇ ದಾರಿ, ಹೊಸ ಮರಿನ ಆ ಜಾಗಕ್ಕ ಬಿಡಬ್ಯಾಡ್ರಿ. ಹೊಸದು ತರೋದಿದ್ರ ಕಡೇ ಡೋಸ್ ಮುಗಿದು ಎರಡು ವಾರ ಆದದ್ದನ್ನ ತರ್ರಿ, ಕಾರ್ಡ್ ನೋಡಿ ತರ್ರಿ. ಐದಾರು ತಿಂಗಳ ಬೀದಿಮರೀನ ಯಾರಾದ್ರೂ ಲಸಿಕೆ ಹಾಕಿಸಿ ಸಾಕಾಕ ಕೊಡೋವ್ರಿದ್ರ ಅದು ಇಂಥಾ ಮನಿಗೆ ಎಲ್ಲಾದಕ್ಕಿಂತ ಚಲೋ.